ವಿದ್ಯಾರ್ಥಿಗಳ ಮನೋಸಾಮರ್ಥ್ಯ: ಅಳತೆಗೂ ಭಾಷೆಯ ತೊಡಕು

ಪರೀಕ್ಷೆ ಸಮೀಪಿಸಿದಾಗ ಓದಿಗೆ ವೇಳಾಪಟ್ಟಿ ಹಾಕಿಕೊಳ್ಳುವುದು, ಮೊಬೈಲ್‌ನತ್ತ ಹೋಗುವ ಕೈಯನ್ನು ತಡೆಯುವುದು, ಒಂದು ವಿಧಾನಕ್ಕೆ ಬಗ್ಗದ ಲೆಕ್ಕಕ್ಕೆ ಮತ್ತೊಂದನ್ನು ಹಿಡಿಯುವುದು: ಇವೆಲ್ಲದರ ಹಿಂದಿರುವ ಶಕ್ತಿಗಳನ್ನು ಮನೋವಿಜ್ಞಾನಿಗಳು ‘ಕಾರ್ಯನಿರ್ವಾಹಕ ಸಾಮರ್ಥ್ಯಗಳು’ ಎನ್ನುತ್ತಾರೆ. ಇವು ಬಹುಮಟ್ಟಿಗೆ ಮಿದುಳಿನ ಮುಂಭಾಗವನ್ನು ಅವಲಂಬಿಸಿವೆ. ಆ ಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಿರುತ್ತದೆ.

2000ರಲ್ಲಿ ಅಮೆರಿಕದ ಅಕಿರಾ ಮಿಯಾಕೆ ಮತ್ತು ಸಂಗಡಿಗರು 137 ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಇದರಲ್ಲಿ ಮೂರು ಶಕ್ತಿಗಳನ್ನು ಗುರುತಿಸಿದರು. ಅನಗತ್ಯ ಪ್ರತಿಕ್ರಿಯೆಯನ್ನು ತಡೆಯುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ಮನಸ್ಸಿನಲ್ಲಿ ಹಿಡಿದಿಟ್ಟ ಮಾಹಿತಿಯನ್ನು ಆಗಿಂದಾಗ್ಗೆ ಬದಲಿಸಿಕೊಳ್ಳುವುದು. ಇವು ಪರಸ್ಪರ ಸಂಬಂಧವುಳ್ಳವು, ಆದರೆ ಒಂದೇ ಅಲ್ಲ.

ತಡೆಯುವ ಶಕ್ತಿಗೆ ಪ್ರಸಿದ್ಧ ಅಳತೆಗೋಲು, 1935ರ ಸ್ಟ್ರೂಪ್ ಪರೀಕ್ಷೆ. ‘ಕೆಂಪು’ ಎಂಬ ಪದವನ್ನು ನೀಲಿ ಬಣ್ಣದಲ್ಲಿ ಅಚ್ಚು ಹಾಕಿ, ಬಣ್ಣ ಯಾವುದೆಂದು ಕೇಳಲಾಗುತ್ತದೆ. ಓದು ತಾನಾಗಿಯೇ ನಡೆದುಬಿಡುವುದರಿಂದ ಉತ್ತರ ತಡವಾಗುತ್ತದೆ. ಓದು ಸರಾಗವಲ್ಲದ ಭಾಷೆಯಲ್ಲಿ ಈ ಅಡ್ಡಿಯೇ ಕಡಿಮೆ. ಹಾಗಾಗಿ ಇಂಗ್ಲಿಷ್ ತಡವರಿಸುವವರಿಗೆ ಇಂಗ್ಲಿಷ್ ಪಟ್ಟಿ ಕೊಟ್ಟರೆ ಅವರ ಸಂಯಮ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು!

ವಿಜಯಪುರದಲ್ಲಿ ಇದು ಬರೀ ತಾತ್ವಿಕ ಪ್ರಶ್ನೆಯಲ್ಲ. 2003ರಲ್ಲಿ ಆರಂಭವಾಗಿ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ರಾಜ್ಯ ಮಹಿಳಾ ವಿಶ್ವವಿದ್ಯಾನಿಲಯ ಇರುವುದು ನಗರದ ಅಂಚಿನ ತೊರವಿಯಲ್ಲಿ. ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವರೂ, ನಗರದ ಇಂಗ್ಲಿಷ್ ಶಾಲೆಗಳಿಂದ ಬಂದವರೂ ಇಲ್ಲಿನ ಕಾಲೇಜುಗಳಲ್ಲಿ ಒಟ್ಟಿಗೆ ಕೂರುತ್ತಾರೆ. ಇಬ್ಬರಿಗೂ ಒಂದೇ ಪಟ್ಟಿ ಹಿಡಿದರೆ ಅಳೆದದ್ದು ಸಾಮರ್ಥ್ಯವನ್ನೋ ಶಾಲೆಯ ಮಾಧ್ಯಮವನ್ನೋ ಹೇಳುವುದು ಕಷ್ಟ.

ಅಂಕಿಗಳನ್ನು ಕೇಳಿ ಹಿಂದುಮುಂದಾಗಿ ಹೇಳುವ ಪರೀಕ್ಷೆಯೂ ಹೀಗೆಯೇ. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ ‘ಸೆವೆನ್’ ಬಿಟ್ಟರೆ ಉಳಿದೆಲ್ಲವೂ ಒಂದೇ ಉಚ್ಚಾರಾಂಶದವು. ಕನ್ನಡದ ಅಂಕಿಗಳಲ್ಲಿ ಎರಡೋ ಮೂರೋ ಇರುತ್ತವೆ. ಉಚ್ಚರಿಸಲು ಹೆಚ್ಚು ಹೊತ್ತು ಹಿಡಿದಷ್ಟೂ ನೆನಪಿನಲ್ಲಿ ಉಳಿಯುವ ಅಂಕಿಗಳು ಕಡಿಮೆಯಾಗುತ್ತವೆಂದು ವೆಲ್ಷ್ ಭಾಷಿಕರ ಮೇಲೆ 1980ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆ ಈ ಕೊರತೆಯನ್ನು ಬಹುಪಾಲು ತುಂಬಿತು. ಅದರಲ್ಲಿ ವಯಸ್ಸು, ಲಿಂಗ, ಶಿಕ್ಷಣಕ್ಕೆ ತಕ್ಕಂತೆ ಭಾರತೀಯರದೇ ಮಾನದಂಡಗಳಿವೆ. ಆದರೆ ಕಾಲೇಜು ಓದಿದವರೆಲ್ಲ ಅಲ್ಲಿ ಒಂದೇ ವರ್ಗ. ಕಲಿಕೆಯ ಮಾಧ್ಯಮವನ್ನು ಗುರುತಿಸಿಕೊಳ್ಳುವ ಹೊಣೆ ಪರೀಕ್ಷಕರದ್ದಾಗಿಯೇ ಉಳಿದಿದೆ. ನಿದ್ದೆಗೆಟ್ಟು ಬಂದ ದಿನದ ಒಂದು ಅಂಕದಿಂದ ಯಾರಿಗೂ ಹಣೆಪಟ್ಟಿ ಹಚ್ಚುವಂತೆಯೂ ಇಲ್ಲ.