ವ್ಯಾಯಾಮ ಮತ್ತು ಉತ್ಕರ್ಷಣ ಒತ್ತಡ

ಜೀವಕೋಶಗಳಲ್ಲಿ ಹುಟ್ಟುವ ಕ್ರಿಯಾಶೀಲ ಆಮ್ಲಜನಕ ಸಂಯುಕ್ತಗಳಿಗೂ ಅವನ್ನು ಹತ್ತಿಕ್ಕುವ ಉತ್ಕರ್ಷಣ ನಿರೋಧಕಗಳಿಗೂ ನಡುವಣ ಸಮತೋಲನ ತಪ್ಪಿದ ಸ್ಥಿತಿಯನ್ನು ಉತ್ಕರ್ಷಣ ಒತ್ತಡ ಎನ್ನುತ್ತಾರೆ. ಜರ್ಮನಿಯ ಜೀವರಸಾಯನ ವಿಜ್ಞಾನಿ ಹೆಲ್ಮುಟ್ ಸೀಸ್ 1985ರಲ್ಲಿ ಈ ಪರಿಕಲ್ಪನೆಯನ್ನು ನಿರೂಪಿಸಿದರು. ಶ್ರಮದ ವ್ಯಾಯಾಮವು ಈ ಒತ್ತಡವನ್ನು ತತ್ಕಾಲಕ್ಕೆ ಹೆಚ್ಚಿಸುತ್ತದೆ. ಕ್ರಮಬದ್ಧ ಅಭ್ಯಾಸವಾದರೋ ಅದನ್ನು ಎದುರಿಸುವ ಶಕ್ತಿಯನ್ನು ದೇಹದಲ್ಲಿ ಬೆಳೆಸುತ್ತದೆ.

ಅಧ್ಯಯನ ವಿಧಾನ

1978ರಲ್ಲಿ ಡಿಲಾರ್ಡ್ ಮತ್ತು ಸಂಗಡಿಗರು ವ್ಯಾಯಾಮನಿರತರ ಉಸಿರಿನಲ್ಲಿ ಪೆಂಟೇನ್ ಅನಿಲ ಹೆಚ್ಚುವುದನ್ನು ಗುರುತಿಸಿದರು. ಇದು ಮೇದಾಂಶದ ಉತ್ಕರ್ಷಣದಿಂದ ಹುಟ್ಟುವ ಅನಿಲ. 1982ರಲ್ಲಿ ಡೇವಿಸ್ ಮತ್ತು ಸಂಗಡಿಗರು, ಬಳಲುವವರೆಗೆ ಓಡಿಸಿದ ಇಲಿಗಳ ಸ್ನಾಯು ಹಾಗೂ ಯಕೃತ್ತಿನಲ್ಲಿ ಮುಕ್ತ ರ‍್ಯಾಡಿಕಲ್‌ಗಳು ಎರಡು-ಮೂರು ಪಟ್ಟು ಏರಿದ್ದನ್ನು ತೋರಿಸಿದರು.

ಮುಕ್ತ ರ‍್ಯಾಡಿಕಲ್‌ಗಳ ಆಯುಷ್ಯ ಅತ್ಯಲ್ಪ. ಆದುದರಿಂದ ಸಾಮಾನ್ಯವಾಗಿ ಅವುಗಳ ಹೆಜ್ಜೆಗುರುತುಗಳನ್ನೇ ಅಳೆಯಲಾಗುತ್ತದೆ: ಮೇದಾಂಶ ಕೆಟ್ಟಾಗ ಉಳಿಯುವ ಮಲಾನ್‌ಡೈಆಲ್ಡಿಹೈಡ್, ಉತ್ಕರ್ಷಿತ ಗ್ಲೂಟಾಥಯೋನ್‌ನ ಪ್ರಮಾಣ, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಹಾಗೂ ಕ್ಯಾಟಲೇಸ್ ಕಿಣ್ವಗಳ ಚಟುವಟಿಕೆ. ಯಾವ ಒಂದು ಅಳತೆಯೂ ಸಾಲದು. ರಕ್ತವನ್ನು ಓಟ ಮುಗಿದ ಕೂಡಲೇ ತೆಗೆದರೆ ಬರುವ ಉತ್ತರ, ವಿಶ್ರಾಂತಿಯ ವೇಳೆ ತೆಗೆದರೆ ಬರುವ ಉತ್ತರಕ್ಕೆ ವಿರುದ್ಧವಾಗಿರಬಹುದು.

ಬೆಂಗಳೂರಿನ ಸಂಶೋಧನೆ

ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಎಸ್. ಆಶಾದೇವಿ ಮತ್ತು ಸಂಗಡಿಗರು ಇದೇ ಪ್ರಶ್ನೆಯನ್ನು ಮುಪ್ಪಿನ ದಿಕ್ಕಿನಿಂದ ಪರಿಶೀಲಿಸಿದರು. ವಯಸ್ಸಾಗುತ್ತಿರುವ ಇಲಿಗಳಿಗೆ ಈಜಿನ ತರಬೇತಿಯನ್ನೂ ಆಹಾರದೊಡನೆ ಇ ಜೀವಸತ್ವವನ್ನೂ ಕೊಟ್ಟು, ಅವುಗಳ ತಾಳಿಕೆ, ರಕ್ತದ ಮೇದಾಂಶ ಮತ್ತು ಹೃದಯದ ಉತ್ಕರ್ಷಣ ನಿರೋಧಕ ಸ್ಥಿತಿಯನ್ನು ಅಭ್ಯಸಿಸಿದರು. ವಯಸ್ಸಿನೊಡನೆ ಕೋಶಗಳಲ್ಲಿ ಶೇಖರವಾಗುವ ಕಂದು ವರ್ಣದ್ರವ್ಯವಾದ ಲಿಪೋಫಸ್ಕಿನ್‌ನಂಥ ವಸ್ತುಗಳನ್ನೂ ಹೃದಯದಲ್ಲಿ ಪರೀಕ್ಷಿಸಲಾಯಿತು. ಎರಡು ಭಾಗಗಳ ಈ ವರದಿ 2003ರಲ್ಲಿ 'ಎಕ್ಸ್‌ಪೆರಿಮೆಂಟಲ್ ಜೆರೊಂಟಾಲಜಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಪ್ಪನ್ನೂ ವ್ಯಾಯಾಮವನ್ನೂ ಆಹಾರವನ್ನೂ ಒಟ್ಟಿಗೆ ನೋಡಿದ್ದು ಇದರ ವೈಶಿಷ್ಟ್ಯ. ಈಜುವ ಪ್ರಾಣಿಗಳಲ್ಲಿ ನೀರಿನ ತಂಪು, ಭಯ ಇವೂ ಒತ್ತಡ ತರಬಲ್ಲವೆಂಬುದನ್ನು ಇಂಥ ಪ್ರಯೋಗಗಳನ್ನು ಓದುವಾಗ ನೆನಪಿಡಬೇಕಾಗುತ್ತದೆ.

ಜೀವಸತ್ವ ಮಾತ್ರೆಗಳ ವಿವಾದ

ಒತ್ತಡ ಹಾನಿಕರವಾದರೆ ಮಾತ್ರೆಯಿಂದ ಅದನ್ನು ತಡೆಯಬಹುದೆಂಬ ನಂಬಿಕೆ ಬಹುಕಾಲ ಇತ್ತು. 2009ರಲ್ಲಿ ಮೈಕೆಲ್ ರಿಸ್ಟೋ ಮತ್ತು ಸಂಗಡಿಗರು ಆರೋಗ್ಯವಂತ ಯುವಕರಿಗೆ 4 ವಾರ ವ್ಯಾಯಾಮ ಮಾಡಿಸಿ, ಕೆಲವರಿಗೆ ದಿನಕ್ಕೆ 1000 ಮಿಲಿಗ್ರಾಂ ಸಿ ಜೀವಸತ್ವವನ್ನೂ 400 ಯೂನಿಟ್ ಇ ಜೀವಸತ್ವವನ್ನೂ ಕೊಟ್ಟರು. ಮಾತ್ರೆ ಸೇವಿಸದವರಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಗುಣ ಸುಧಾರಿಸಿತು; ಸೇವಿಸಿದವರಲ್ಲಿ ಆ ಲಾಭ ಕಾಣಲಿಲ್ಲ. ಅಲ್ಪಕಾಲದ ಉತ್ಕರ್ಷಣ ಒತ್ತಡವೇ ದೇಹ ಹೊಂದಿಕೊಳ್ಳಲು ಬೇಕಾದ ಸಂಕೇತವೆಂಬ ವಾದಕ್ಕೆ ಇದು ಬಲ ತಂದಿತು. ಮುದಿ ಇಲಿಗಳ ಫಲಿತಾಂಶವನ್ನು ಯುವಕರಿಗೆ, ಯುವಕರದನ್ನು ವೃದ್ಧರಿಗೆ ನೇರವಾಗಿ ಅನ್ವಯಿಸಲಾಗದು. ರಿಸ್ಟೋ ತಂಡದ ಎಚ್ಚರಿಕೆಯೂ ದೊಡ್ಡ ಪ್ರಮಾಣದ ಮಾತ್ರೆಗಳಿಗೆ ಸಂಬಂಧಿಸಿದ್ದೇ ಹೊರತು ಹಣ್ಣು ತರಕಾರಿಗಳಿಗಲ್ಲ.