ಶರತ್ಕಾಲದ ನೀರು ಮತ್ತು ನಮ್ಮ ಊರಿನ ಅಮ್ಮಂದಿರು

ವರ್ಷಕ್ಕೆ ಆರು ಋತುಗಳು, ಅದರಲ್ಲಿ ಆಶ್ವಿಜ ಮತ್ತು ಕಾರ್ತಿಕ ಮಾಸಗಳು ಶರದೃತು. ನಮ್ಮ ಕನ್ನಡ ಶಾಲೆಗಳ ಮಕ್ಕಳು ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಮನೆಯಲ್ಲಿ ತುಳು ಮಾತನಾಡುವ ಅಜ್ಜಿಯಂದಿರನ್ನು ಕೇಳಿದರೆ ಇದೇ ಕಾಲವನ್ನು ನಿರ್ನಾಲ, ಬೊಂತೆಲ್ ಎಂದು ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ. ಮಳೆ ಕಡಿಮೆಯಾಗಿ ಬಿಸಿಲು ಚುರುಕಾಗುವ, ಏಣೆಲು ಬೆಳೆ ಕೊಯ್ಲಿಗೆ ಬರುವ, ತೋಡಿನ ನೀರು ತಿಳಿಯಾಗುವ ಕಾಲ ಇದು. ನವರಾತ್ರಿ, ದೀಪಾವಳಿ, ತುಳಸಿ ಪೂಜೆ ಎಲ್ಲ ಬರುವುದೂ ಈಗಲೇ.

ಈ ಎರಡು ತಿಂಗಳಲ್ಲಿ ಹೆಂಗಸರು ತಮ್ಮ ಮೈ ಮತ್ತು ಮನಸ್ಸನ್ನು ಹೇಗೆ ನೋಡಿಕೊಳ್ಳುತ್ತಿದ್ದರು? ಚರಿತ್ರೆಯ ಪಾಠದಲ್ಲಿ ನಾವು ರಾಜರ ಹೆಸರು, ಯುದ್ಧಗಳ ಇಸವಿ ಕಲಿಸುತ್ತೇವೆ. ಅಮ್ಮಂದಿರ ಆರೋಗ್ಯದ ಚರಿತ್ರೆಗೆ ನಮ್ಮ ಪುಸ್ತಕದಲ್ಲಿ ಪುಟವಿಲ್ಲ. ಆದರೆ ಎಣ್ಮಕಜೆಯಂತಹ ಊರಿನಲ್ಲಿ ಈ ಚರಿತ್ರೆ ಗೊತ್ತಿಲ್ಲದೆ ಇದ್ದರೆ ಊರಿನ ಚರಿತ್ರೆಯೇ ಗೊತ್ತಿಲ್ಲದ ಹಾಗೆ. ಆದ್ದರಿಂದ ಇಂದು ಅದರ ಬಗ್ಗೆ ನಾಲ್ಕು ಮಾತು.

ಹಳೆಯ ಗ್ರಂಥಗಳು ಏನು ಹೇಳುತ್ತವೆ?

ಚರಕ ಸಂಹಿತೆಯಲ್ಲಿಯೂ, ಕೇರಳದ ವೈದ್ಯರು ಹೆಚ್ಚು ನೆಚ್ಚಿಕೊಂಡಿರುವ ವಾಗ್ಭಟನ ಅಷ್ಟಾಂಗ ಹೃದಯದಲ್ಲಿಯೂ ಋತುಚರ್ಯೆ ಎಂಬ ಭಾಗ ಇದೆ. ಯಾವ ಋತುವಿನಲ್ಲಿ ಏನು ತಿನ್ನಬೇಕು, ಹೇಗೆ ಇರಬೇಕು ಎಂಬ ವಿವರ ಅಲ್ಲಿದೆ. ಮಳೆಗಾಲದಲ್ಲಿ ಮೈಯಲ್ಲಿ ಸಂಗ್ರಹವಾದ ಪಿತ್ತ ಶರತ್ಕಾಲದ ಬಿಸಿಲಿಗೆ ಕೆರಳುತ್ತದೆ ಎಂಬುದು ಆ ಶಾಸ್ತ್ರದ ಲೆಕ್ಕ. ಹಾಗಾಗಿ ಕಹಿ, ಸಿಹಿ, ಒಗರು ರುಚಿಯ ಹಗುರವಾದ ಊಟ, ಕಹಿ ಔಷಧಿ ಹಾಕಿ ಕಾಯಿಸಿದ ತುಪ್ಪ, ಸಂಜೆಯ ಬೆಳದಿಂಗಳಿನಲ್ಲಿ ವಿಶ್ರಾಂತಿ ಇವು ಹಿತ. ಸುಡುಬಿಸಿಲು, ಮೊಸರು, ಹಗಲು ನಿದ್ದೆ ಅಹಿತ.

ಇದರಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ನೀರಿನ ಮಾತು. ಶರತ್ಕಾಲದ ನೀರಿಗೆ 'ಹಂಸೋದಕ' ಎಂದು ಹೆಸರು. ಹಗಲು ಸೂರ್ಯನಿಂದ ಕಾದು, ರಾತ್ರಿ ಚಂದ್ರನಿಂದ ತಂಪಾಗಿ, ಅಗಸ್ತ್ಯ ನಕ್ಷತ್ರದ ಉದಯದಿಂದ ವಿಷ ಕಳೆದುಕೊಂಡ ನೀರು ಅದು. ಕುಡಿಯಲಿಕ್ಕೂ ಸ್ನಾನಕ್ಕೂ ಅಮೃತಕ್ಕೆ ಸಮಾನ ಎಂದು ವರ್ಣನೆ. ವರ್ಷದಲ್ಲಿ ನೀರು ನಿರ್ವಿಷವಾಗುವ ಕಾಲ ಎಂದರೆ ಶರತ್ಕಾಲ! ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಈ ಋತುಚರ್ಯೆಯನ್ನು ಪೂರ್ತಿಯಾಗಿ ಪಾಲಿಸಲು ಯಾರಿಗೆ ಸಾಧ್ಯವಿತ್ತು? ತುಪ್ಪ ಕಾಯಿಸಿ ಕೊಡಲು, ನೀರು ತಂದಿಡಲು ಬೇರೆಯವರು ಇದ್ದ ಗೃಹಸ್ಥನಿಗೆ. ಆ ನೀರು ತರುವವಳ ಋತುಚರ್ಯೆ ಏನು ಎಂದು ಈ ಭಾಗದಲ್ಲಿ ಯಾರೂ ಕೇಳಿಲ್ಲ. ಏಣೆಲು ಕೊಯ್ಲಿನ ಕಾಲದಲ್ಲಿ ಕೂಲಿಗೆ ಹೋಗುವ ಹೆಂಗಸಿಗೆ ಸುಡುಬಿಸಿಲು ಅಹಿತ ಎಂದು ಹೇಳಿ ಪ್ರಯೋಜನವೇನು? ಅವಳಿಗೆ ಶರತ್ಕಾಲ ಎಂದರೆ ಬಗ್ಗಿ ಕೊಯ್ಯುವ, ಹೊರೆ ಹೊರುವ ಕಾಲ.

ನೀರು ತುಂಬುವ ಹಬ್ಬ

ಗ್ರಂಥದಲ್ಲಿ ಇಲ್ಲದ್ದನ್ನು ಹೆಂಗಸರು ಅಡುಗೆಮನೆ ಮತ್ತು ಬಚ್ಚಲುಮನೆಯಲ್ಲಿ ತಾವೇ ಕಟ್ಟಿಕೊಂಡರು. ಒಂದೆಲಗದ ತಂಬುಳಿ, ಹಾಗಲಕಾಯಿಯ ಪದಾರ್ಥ, ಕೊತ್ತಂಬರಿ ಜೀರಿಗೆಯ ಕಷಾಯ, ಪುನರ್ಪುಳಿಯ ಸಾರು, ಕಾರ್ತಿಕ ಬಂತೆಂದರೆ ನೆಲ್ಲಿಕಾಯಿ. ತಲೆಗೆ ಹಚ್ಚಲು ಗರುಗದ ಸೊಪ್ಪು ಹಾಕಿ ಕಾಯಿಸಿದ ತೆಂಗಿನೆಣ್ಣೆ, ತೊಳೆಯಲು ದಾಸವಾಳದ ಸೊಪ್ಪಿನ ಗೊಂಪು. ಇದಕ್ಕೆಲ್ಲ ಪೇಟೆಗೆ ಹೋಗಬೇಕಾದ್ದಿಲ್ಲ, ಹೆಚ್ಚಿನದು ಹಿತ್ತಿಲಲ್ಲೇ ಇತ್ತು.

ದೀಪಾವಳಿಗೆ ನಮ್ಮ ಕಡೆ ನೀರು ತುಂಬುವ ಹಬ್ಬ ಎಂಬ ಇನ್ನೊಂದು ಹೆಸರಿದೆ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತಿಕ್ಕಿ, ಸೇಡಿಯಿಂದ ಚಿತ್ರ ಬರೆದು, ಬಳ್ಳಿ ಸುತ್ತಿ, ಬಾವಿಯಿಂದಲೋ ಸುರಂಗದಿಂದಲೋ ಹೊಸ ನೀರು ತಂದು ತುಂಬಿಸುತ್ತಾರೆ. ಬೆಳಕು ಹರಿಯುವ ಮೊದಲೇ ಎಲ್ಲರಿಗೂ ಎಣ್ಣೆ ಸ್ನಾನ. ವರ್ಷದಲ್ಲಿ ಒಂದು ದಿನವಾದರೂ ಮನೆಯ ಹೆಂಗಸಿನ ತಲೆಗೂ ಎಣ್ಣೆ ಬೀಳುವ, ಬೆನ್ನಿಗೂ ಬಿಸಿನೀರು ಬೀಳುವ ದಿನ ಇದು. ಆದರೆ ಹೆಚ್ಚಿನ ಮನೆಗಳಲ್ಲಿ ಮಕ್ಕಳು, ಗಂಡಸರು, ಹಿರಿಯರು ಎಲ್ಲರೂ ಮಿಂದು ಆದ ಮೇಲೆ, ಒಲೆಯ ಬೆಂಕಿ ಆರುವ ಹೊತ್ತಿಗೆ ಅವಳ ಸರದಿ ಬರುತ್ತದೆ. ನೀರು ತುಂಬಿಸಿದವಳು ಅವಳೇ, ಕೊನೆಗೆ ಮೀಯುವವಳೂ ಅವಳೇ.

ಗಡಿಯಾಚೆ ಮಲೆನಾಡಿನ ಕಡೆ ಇದೇ ಶರದೃತುವಿನಲ್ಲಿ, ಆಶ್ವಿಜ ಹುಣ್ಣಿಮೆಯಂದು ಭೂಮಿ ಹುಣ್ಣಿಮೆ ಆಚರಿಸುತ್ತಾರೆ. ತೆನೆ ತುಂಬಿದ ಗದ್ದೆಯನ್ನು ಬಸುರಿ ಹೆಂಗಸು ಎಂದು ತಿಳಿದು, ಬಗೆಬಗೆಯ ಸೊಪ್ಪು ತರಕಾರಿಗಳ ಅಡುಗೆ ಮಾಡಿ, ಬಯಕೆಯ ಊಟ ಎಂದು ಹೊಲಕ್ಕೆ ಬೀರುತ್ತಾರೆ. ಅದನ್ನು ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಹೆಂಗಸರು ಬರೆಯುವ ಚಿತ್ತಾರ ಪ್ರಸಿದ್ಧವಾಗಿದೆ. ತುಳುನಾಡಿನಲ್ಲಿ ಚಳಿಗಾಲದ ಕೊನೆಗೆ ಬರುವ ಕೆಡ್ಡಸದಂದು ಭೂಮಿ ಮುಟ್ಟಾಗಿದ್ದಾಳೆಂದು ನೆಲ ಅಗೆಯುವುದಿಲ್ಲ. ಭೂಮಿಗೂ ಬಯಕೆ ಇದೆ, ವಿಶ್ರಾಂತಿ ಬೇಕು ಎಂದು ತಿಳಿದ ಜನ ನಾವು. ಅದೇ ಮನೆಯಲ್ಲಿ ಮುಟ್ಟಾದ ಹೆಣ್ಣನ್ನು ಮೂರು ದಿನ ಹೊರಗೆ ಕೂರಿಸುತ್ತಿದ್ದವರೂ ನಾವೇ. ಅದು ವಿಶ್ರಾಂತಿಗಾಗಿ ಮಾಡಿದ್ದು ಎಂದು ಹೇಳುವವರಿದ್ದಾರೆ. ಮೈಲಿಗೆ ಎಂದು ದೂರ ಇಡುವುದನ್ನು ಆರೈಕೆ ಎನ್ನಲು ನಮಗಂತೂ ಮನಸ್ಸು ಬರುವುದಿಲ್ಲ.

ಮನಸ್ಸಿನ ಆರೈಕೆ

ಮಾನಸಿಕ ಆರೋಗ್ಯ ಎಂಬ ಶಬ್ದ ಹಳಬರಿಗೆ ಗೊತ್ತಿರಲಿಲ್ಲ. ಆದರೆ ದಾರಿಗಳಿದ್ದವು. ಹೊಸದಾಗಿ ಮದುವೆಯಾದ ಹುಡುಗಿ ಆಟಿ ತಿಂಗಳಲ್ಲಿ ತವರಿಗೆ ಹೋಗಿ ಕೂರುತ್ತಿದ್ದಳು, ಮೊದಲ ದೀಪಾವಳಿಗೆ ಗಂಡನೊಂದಿಗೆ ಮತ್ತೆ ಬರುತ್ತಿದ್ದಳು. ಅಮ್ಮನ ಎದುರು ಮನಸ್ಸು ಬಿಚ್ಚಿ ಅಳಲು, ನಗಲು ಪಂಚಾಂಗವೇ ಕೊಟ್ಟ ರಜೆ ಅದು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಪಾಡ್ದನ ಹೇಳುತ್ತಿದ್ದರು. ಅವುಗಳಲ್ಲಿ ದೊಡ್ಡದು ಸಿರಿ ಪಾಡ್ದನ. ಅನ್ಯಾಯ ಮಾಡಿದ ಗಂಡನನ್ನು ಬಿಟ್ಟು ಹೊರಟ ಹೆಣ್ಣಿನ ಕಥೆ ಅದು. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಜೊತೆ ಸೇರಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ತನ್ನ ನೋವನ್ನು ತಾನು ಹೇಳಲಾಗದಾಗ ಸಿರಿಯ ಬಾಯಿಯಿಂದ ಹೇಳಿಸುವುದು ಎಂದರೆ ಸಣ್ಣ ಉಪಾಯವಲ್ಲ.

ಇದನ್ನೆಲ್ಲ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹಳೆಯ ಕಾಲದ ಆರೈಕೆ ಒಬ್ಬಳೇ ಕೂತು ಮಾಡಿಕೊಳ್ಳುವ ಕೆಲಸ ಆಗಿರಲಿಲ್ಲ. ಅದಕ್ಕೆ ಮೂರು ಬೇಕಿತ್ತು. ಒಳ್ಳೆಯ ನೀರು, ಸ್ವಲ್ಪ ಬಿಡುವು, ಜೊತೆಗೆ ನಾಲ್ಕು ಜನ. ಈ ಮೂರೂ ಇಲ್ಲದ ಕಡೆ ಆರೈಕೆ ಇಲ್ಲ. ಎಣ್ಮಕಜೆಯಲ್ಲಿ ಆದದ್ದು ಇದೇ.

ಸುರಂಗಕ್ಕೆ ಮುಚ್ಚಳ ಎಲ್ಲಿಂದ?

ಎಂಡೋಸಲ್ಫಾನ್ ಕಥೆ ನಮ್ಮ ಓದುಗರಿಗೆ ತಿಳಿಯದ್ದಲ್ಲ. ಆದರೂ ಋತುವಿನ ಲೆಕ್ಕದಲ್ಲಿ ಇನ್ನೊಮ್ಮೆ ನೋಡೋಣ. ಶರತ್ಕಾಲ ಮುಗಿಯುತ್ತಾ ಬರುವಾಗ ಗೇರು ಮರ ಚಿಗುರಿ ಹೂ ಬಿಡಲು ತೊಡಗುತ್ತದೆ. ಚಿಗುರಿಗೆ ಟೀ ಸೊಳ್ಳೆ ಎಂಬ ಕೀಟ ಬೀಳುತ್ತದೆ. ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳಕ್ಕೆ ನಮ್ಮ ಜಿಲ್ಲೆಯಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು ಗೇರು ತೋಟ ಇತ್ತು. 1970ರ ದಶಕದ ಕೊನೆಯ ಭಾಗದಿಂದ 2000ದ ವರೆಗೆ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಬಾವಿ, ತೋಡು, ಸುರಂಗ.

ಸುರಂಗ ಎಂದರೇನು ಎಂದು ಬೇರೆ ಕಡೆಯ ಓದುಗರಿಗೆ ಹೇಳಬೇಕು. ಮುರಕಲ್ಲಿನ ಗುಡ್ಡದ ಒಳಗೆ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆದ ದಾರಿ ಅದು. ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಪಡ್ರೆ, ಬಾಯಾರು ಕಡೆಯ ಎಷ್ಟೋ ಮನೆಗಳಿಗೆ ಇದೇ ಆಧಾರ. ಸಿಂಪಡಣೆಯ ಮೊದಲು ಬಾವಿಗಳನ್ನು ಮುಚ್ಚಿಡಿ ಎಂದು ಜನರಿಗೆ ಹೇಳುತ್ತಿದ್ದರು. ಬಾವಿಗಾದರೂ ಮಡಲು ಹಾಸಬಹುದು. ಸುರಂಗದ ನೀರು ಗುಡ್ಡದ ಹೊಟ್ಟೆಯಿಂದ ಇಳಿದು ಬರುವುದು. ಅದಕ್ಕೆ ಮುಚ್ಚಳ ಎಲ್ಲಿಂದ ತರುವುದು? ಹರಿಯುವ ತೋಡನ್ನು ಮುಚ್ಚುವುದು ಹೇಗೆ? ಗ್ರಂಥಗಳು ಶರದೃತುವಿನ ಯಾವ ನೀರನ್ನು ನಿರ್ವಿಷ ಎಂದು ಹೊಗಳಿದವೋ ಆ ನೀರಿನ ಮೇಲೆಯೇ ಆ ಋತು ಮುಗಿಯುವ ಹೊತ್ತಿಗೆ ವಿಷ ಬೀಳುತ್ತಿತ್ತು. ಆ ನೀರನ್ನು ಕೊಡಪಾನದಲ್ಲಿ ತುಂಬಿ ತರುತ್ತಿದ್ದವರು, ಅದರಲ್ಲಿ ಬಟ್ಟೆ ಒಗೆಯುತ್ತಿದ್ದವರು, ಮಗುವನ್ನು ಮೀಯಿಸುತ್ತಿದ್ದವರು ಹೆಂಗಸರು.

ಪಡ್ರೆಯ ಪತ್ರಕರ್ತ ಶ್ರೀ ಪಡ್ರೆ ಅವರು 1980ರ ದಶಕದ ಆರಂಭದಲ್ಲೇ ಇದರ ಬಗ್ಗೆ ಬರೆದು ಎಚ್ಚರಿಸಿದ್ದರು. ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್ ಅವರು ತಮ್ಮಲ್ಲಿ ಬರುವ ರೋಗಿಗಳಲ್ಲಿ ಕಂಡ ಅಸಹಜ ಕಾಯಿಲೆಗಳ ಬಗ್ಗೆ 1990ರ ದಶಕದಲ್ಲಿ ವೈದ್ಯಲೋಕದ ಗಮನ ಸೆಳೆದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಹಸುವಿನ ಹಾಲು, ಮನುಷ್ಯರ ರಕ್ತ, ತಾಯಿಯ ಎದೆಹಾಲು ಇವುಗಳಲ್ಲಿ ಎಂಡೋಸಲ್ಫಾನ್ ಇರುವುದಾಗಿ ವರದಿ ಮಾಡಿತು. ಇದನ್ನು ಅಲ್ಲಗಳೆಯುವ ವರದಿಗಳೂ ಬಂದವು, ವಾದ ವಿವಾದ ವರ್ಷಗಟ್ಟಲೆ ನಡೆಯಿತು. ಕೇಂದ್ರ ಸರಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿನ 117 ಗಂಡುಮಕ್ಕಳನ್ನು ಬೇರೆ ಊರಿನ 90 ಮಕ್ಕಳೊಂದಿಗೆ ಹೋಲಿಸಿ, ಪ್ರಾಯಕ್ಕೆ ಬರುವುದು ತಡವಾಗುವುದಕ್ಕೂ ಈ ವಿಷಕ್ಕೂ ಸಂಬಂಧ ಇರಬಹುದೆಂದು 2003ರಲ್ಲಿ ಪ್ರಕಟಿಸಿದರು. ಗಮನಿಸಿ, ಪ್ರಸಿದ್ಧವಾದ ಈ ಅಧ್ಯಯನ ಗಂಡುಮಕ್ಕಳದ್ದು. ಎದೆಹಾಲಿನಲ್ಲಿ ವಿಷ ಇದೆ ಎಂದು ಕೇಳಿದ ತಾಯಿಗೆ ಆ ರಾತ್ರಿ ಮಗುವಿಗೆ ಹಾಲೂಡುವಾಗ ಏನನ್ನಿಸಿರಬೇಕು ಎಂಬುದನ್ನು ಅಳೆಯುವ ಪ್ರಯೋಗಾಲಯ ಎಲ್ಲಿದೆ?

ತಡೆಯಲು ಹೊರಟವರಲ್ಲಿಯೂ ಹೆಂಗಸರು ಮುಂದಿದ್ದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋದರು. 2000ದ ಅಕ್ಟೋಬರಿನಲ್ಲಿ, ಶರತ್ಕಾಲದಲ್ಲೇ, ಸಿಂಪಡಣೆಯ ವಿರುದ್ಧ ತೀರ್ಪು ಪಡೆದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನ್ ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು.

ಅಮ್ಮಂದಿರಿಗೆ ಬಿಡುವು ಯಾವಾಗ?

ಹೆಲಿಕಾಪ್ಟರ್ ನಿಂತು ಎರಡು ದಶಕ ದಾಟಿತು. ಆದರೆ ಹಾಸಿಗೆ ಹಿಡಿದ ಮಗುವನ್ನು ಎತ್ತಿ ಮೀಯಿಸುವ, ತಿನ್ನಿಸುವ ಕೆಲಸ ನಿಲ್ಲಲಿಲ್ಲ. ಮಗು ಬೆಳೆದು ದೊಡ್ಡವನಾದ, ಎತ್ತುವ ಅಮ್ಮನಿಗೆ ವಯಸ್ಸಾಯಿತು. ಅವಳಿಗೆ ನವರಾತ್ರಿಯೂ ಒಂದೇ, ದೀಪಾವಳಿಯೂ ಒಂದೇ. ತವರಿಗೆ ಹೋಗುವುದೆಂದರೆ ಮಗುವನ್ನು ಯಾರಲ್ಲಿ ಬಿಡುವುದು? 2019ರ ಜನವರಿ ಕೊನೆಯಲ್ಲಿ ನಮ್ಮ ಜಿಲ್ಲೆಯ ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಉಪವಾಸ ಕುಳಿತರು. 2022ರ ಅಕ್ಟೋಬರ್ 2ರಿಂದ ಸಮಾಜಸೇವಕಿ ದಯಾಬಾಯಿ ಎಂಬತ್ತು ದಾಟಿದ ವಯಸ್ಸಿನಲ್ಲಿ ಅಲ್ಲೇ ಹದಿನೆಂಟು ದಿನ ಉಪವಾಸ ಮಾಡಿದರು. ಅವರ ಬೇಡಿಕೆಗಳಲ್ಲಿ ಒಂದು, ಇಂತಹವರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಗಳು ಪಂಚಾಯತುಗಳಲ್ಲಿ ಬೇಕು ಎಂಬುದು. ಆ ಬೇಡಿಕೆಯ ಒಳಗೆ ಇರುವುದು ಅಮ್ಮನಿಗೆ ಬೇಕಾದ ನಾಲ್ಕು ಗಂಟೆಯ ಬಿಡುವು. ಬಡ್ಸ್ ಶಾಲೆಗಳು ಬಂದದ್ದರಿಂದ ಕೆಲವರಿಗೆ ಅದು ಸಿಕ್ಕಿದೆ. ಎಲ್ಲರಿಗೂ ಸಿಕ್ಕಿಲ್ಲ.

ಇಂದು ಪತ್ರಿಕೆಗಳ ಮಹಿಳಾ ಪುಟದಲ್ಲಿ ನಿಮ್ಮನ್ನು ನೀವು ಪ್ರೀತಿಸಿ, ಅರ್ಧ ಗಂಟೆ ನಿಮಗಾಗಿ ಇಡಿ ಎಂದು ಬರೆಯುತ್ತಾರೆ. ಒಳ್ಳೆಯ ಮಾತು. ಆದರೆ ಆ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂದು ಬರೆಯುವುದಿಲ್ಲ. ಅದನ್ನು ಹೇಳಬೇಕಾದವರು ಊರಿನವರಾದ ನಾವು.

ಆದ್ದರಿಂದ ಕನ್ನಡ ಶಾಲೆಗಳ ಅಧ್ಯಾಪಕ ಬಂಧುಗಳಲ್ಲಿ, ಮಾತೃಸಂಘದವರಲ್ಲಿ ನಮ್ಮ ವಿನಂತಿ. ನವರಾತ್ರಿ ರಜೆಯ ಹಿಂದೆ ಮುಂದೆ ಒಂದು ಸಭೆ ಅಮ್ಮಂದಿರಿಗಾಗಿಯೇ ಇರಲಿ, ಮಕ್ಕಳ ಅಂಕದ ಮಾತು ಅಂದು ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆರೋಗ್ಯದಲ್ಲಿ ಮುಂದಿರುವ ಕೇರಳದಲ್ಲೇ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 36 ಮಂದಿಗೆ ರಕ್ತಹೀನತೆ ಇದೆ. ಆರೋಗ್ಯ ಕೇಂದ್ರದವರನ್ನು ಕರೆದು ಅಂದು ರಕ್ತ ಪರೀಕ್ಷೆ ಮಾಡಿಸಬಹುದು. ಮನಸ್ಸು ಭಾರವಾದವರಿಗೆ 14416 ಎಂಬ ಉಚಿತ ಟೆಲಿ ಮಾನಸ್ ಸಂಖ್ಯೆ 2022ರ ಅಕ್ಟೋಬರಿನಿಂದ ಇದೆ, ಅದನ್ನು ಶಾಲೆಯ ಗೋಡೆಯ ಮೇಲೆ ಬರೆದಿಡೋಣ. ಮಕ್ಕಳಿಗೆ ಒಂದು ಮನೆಕೆಲಸ ಕೊಡೋಣ: ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ, ಅಜ್ಜಿಯ ಕಾಲದಲ್ಲಿ ಯಾರು ತರುತ್ತಿದ್ದರು ಎಂದು ಕೇಳಿ ಬರೆದು ತನ್ನಿ. ನಮ್ಮ ಊರಿನ ಚರಿತ್ರೆಯ ಮೊದಲ ಪುಟ ಅಲ್ಲಿ ಸಿಗುತ್ತದೆ.

ಇನ್ನು ಮಕ್ಕಳೇ, ನಿಮಗೆ ಒಂದು ಮಾತು. ಈ ಸಲದ ದೀಪಾವಳಿಗೆ ಹಂಡೆಗೆ ನೀರು ನೀವು ತುಂಬಿಸಿ. ಒಲೆಗೆ ಬೆಂಕಿ ಅಪ್ಪ ಹಾಕಲಿ. ಮೊದಲ ಎಣ್ಣೆ ಅಮ್ಮನ ತಲೆಗೆ ಬೀಳಲಿ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಅಲ್ಲಿ ಒಂದು ಗಂಟೆ ಕೂತು ಬನ್ನಿ. ಆ ಅಮ್ಮನೂ ನೆಮ್ಮದಿಯಾಗಿ ಮಿಂದು ಬರಲಿ.