ದೊಡ್ಡ ಮಗುವಿಗೆ ನೆಗಡಿ, ತೊಟ್ಟಿಲಲ್ಲಿ ಹಸುಗೂಸು: ಮನೆಯಲ್ಲಿ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು?

ಅರಸೀಕೆರೆ: ಶಾಲೆ, ಅಂಗನವಾಡಿ ಶುರುವಾಗಿ ಎರಡು ವಾರ ಕಳೆಯೋದರೊಳಗೆ ಮಕ್ಕಳು ಮೂಗು ಸುರಿಸಿಕೊಂಡು ಮನೆಗೆ ಬರೋದು ಪ್ರತಿ ಮಳೆಗಾಲದಲ್ಲೂ ಇದ್ದದ್ದೇ. ನಾಲ್ಕೈದು ವರ್ಷದ ಮಗುವಿಗೆ ಅದು ಕೆಲವೇ ದಿನದ ಕಾಟ. ಆದರೆ ಅದೇ ಮನೆಯಲ್ಲಿ ಬಾಣಂತಿ, ಹಸುಗೂಸು ಇದ್ದರೆ ಲೆಕ್ಕವೇ ಬೇರೆ. ಎರಡು ತಿಂಗಳೊಳಗಿನ ಕೂಸಿನ ಉಸಿರಿನ ದಾರಿ ತೀರಾ ಸಣ್ಣದು. ಸ್ವಲ್ಪ ಕಫ ಕಟ್ಟಿದರೂ ಹಾಲು ಚೀಪೋಕೆ ಆಗಲ್ಲ, ಸುಸ್ತಾಗಿಬಿಡುತ್ತೆ.

ದೊಡ್ಡವರಿಗೆ ಬರೀ ನೆಗಡಿಯಾಗಿ ಬಂದು ಹೋಗುವ ಆರ್‌ಎಸ್‌ವಿ ಎಂಬ ವೈರಸ್ ಕೂಸಿನಲ್ಲಿ ನ್ಯುಮೋನಿಯಾ ತರಬಹುದು. ಸೋಂಕು ತಗುಲಿದವರು ಸಾಮಾನ್ಯವಾಗಿ 3ರಿಂದ 8 ದಿನ ಅದನ್ನು ಹರಡುತ್ತಾರೆ. ಬಾಗಿಲ ಹಿಡಿ, ಆಟಿಕೆ, ತೊಟ್ಟಿಲ ಕಂಬಿಯಂಥ ಗಟ್ಟಿ ವಸ್ತುಗಳ ಮೇಲೆ ಈ ವೈರಸ್ ಹಲವು ಗಂಟೆ ಉಳಿಯುತ್ತೆ.

"ದೊಡ್ಡದನ್ನ ಬೇರೆ ಕೋಣೆಯಲ್ಲಿ ಮಲಗಿಸಿ" ಅಂತ ಹೇಳೋದು ಸುಲಭ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಸಂಸಾರ ಇರುವವರು ಎಲ್ಲಿ ಮಲಗಿಸೋದು? ಇಷ್ಟು ದಿನ ಅಮ್ಮನ ಮಗ್ಗುಲಲ್ಲೇ ಮಲಗಿದ್ದ ಮಗುವನ್ನು ಗದರಿಸಿ ದೂರ ಇಟ್ಟರೆ, ಅದು ಕದ್ದು ಬಂದು ಕೂಸಿಗೆ ಮುತ್ತು ಕೊಡುತ್ತೆ. ಅದಕ್ಕಿಂತ, ಮುಟ್ಟೋಕೆ ಒಂದು ಜಾಗ ತೋರಿಸಿಕೊಡೋದು ಒಳ್ಳೇದು: ಪಾದ. ಕೆನ್ನೆ ಬೇಡ. ಕೈಯೂ ಬೇಡ, ಯಾಕಂದ್ರೆ ಕೂಸು ಕೈಯನ್ನು ನೇರ ಬಾಯಿಗೆ ಇಟ್ಟುಕೊಳ್ಳುತ್ತೆ. "ಪುಟ್ಟಂದು ಕಾಲು ನಿಂದು" ಅಂದರೆ ಮಕ್ಕಳು ಕೇಳ್ತಾರೆ. ಶಾಲೆಯಿಂದ ಬಂದ ತಕ್ಷಣ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆದು, ಯೂನಿಫಾರಂ ಬದಲಿಸಿ, ಆಮೇಲೆ ತೊಟ್ಟಿಲ ಹತ್ತಿರ ಬರಲಿ. ಕೆಮ್ಮು ಜೋರಾಗಿರುವ ದಿನಗಳಲ್ಲಿ ಮಾತ್ರ ಅಜ್ಜಿಯ ಪಕ್ಕ ಮಲಗಿಸಿ, ಕಿಟಕಿ ತೆಗೆದಿಡಿ.

ಎಷ್ಟೋ ಮನೆಗಳಲ್ಲಿ ಸೋಂಕು ದಾಟಿಸೋದು ಆ ಮಗುವಲ್ಲ, ದೊಡ್ಡವರ ಕೈ. ದೊಡ್ಡ ಮಗನ ಮೂಗನ್ನು ಸೆರಗಲ್ಲಿ ಒರೆಸಿ, ಅದೇ ಸೆರಗಲ್ಲಿ ಕೂಸಿನ ಬಾಯಿ ಒರೆಸೋದು ಯಾರ ಮನೆಯಲ್ಲಿ ಇಲ್ಲ? ಇಬ್ಬರಿಗೂ ಬೇರೆ ಬೇರೆ ಬಟ್ಟೆ ಇಡಿ. ಇಡೀ ದಿನ ನೋಟು, ಚಿಲ್ಲರೆ ಎಣಿಸಿ ಅಂಗಡಿ ಬಾಗಿಲು ಹಾಕಿ ಬರುವ ಅಪ್ಪಂದಿರಿಗೂ ಕೈ ತೊಳೆಯುವ ನಿಯಮ ಅನ್ವಯಿಸುತ್ತೆ.

ತಾಯಿಗೇ ನೆಗಡಿ, ಜ್ವರ ಬಂದರೆ ಎದೆಹಾಲು ನಿಲ್ಲಿಸಬೇಡಿ. "ಶೀತ ಹಾಲಿನಲ್ಲಿ ಇಳಿಯುತ್ತೆ" ಅನ್ನೋ ಮಾತು ನಿಜವಲ್ಲ. ಆ ರೋಗದ ವಿರುದ್ಧ ತಾಯಿಯ ದೇಹ ತಯಾರಿಸಿದ ಪ್ರತಿಕಾಯಗಳು ಹಾಲಿನ ಮೂಲಕವೇ ಕೂಸಿಗೆ ಸಿಗುತ್ತವೆ. ಮಾಸ್ಕ್ ಹಾಕಿಕೊಂಡು, ಕೈ ತೊಳೆದು ಹಾಲು ಕೊಡಿ.

ನಾಯಿಕೆಮ್ಮು: ದೊಡ್ಡ ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ

ನೆಗಡಿಗಿಂತ ಹೆಚ್ಚು ಹೆದರಬೇಕಾದ್ದು ನಾಯಿಕೆಮ್ಮಿಗೆ. ಕೂಸಿಗೆ ಇದರ ಮೊದಲ ಲಸಿಕೆ ಸಿಗೋದೇ 6 ವಾರಕ್ಕೆ, ಪೆಂಟಾವಲೆಂಟ್ ಚುಚ್ಚುಮದ್ದಿನಲ್ಲಿ. ಅಲ್ಲಿಯವರೆಗೆ ಅದಕ್ಕೆ ತನ್ನದೇ ಆದ ಲಸಿಕೆಯ ರಕ್ಷಣೆ ಇರಲ್ಲ. ಹಸುಗೂಸುಗಳಲ್ಲಿ ಈ ರೋಗ ಬಂದಾಗ ಕೆಮ್ಮೇ ಕೇಳಿಸದೆ, ಉಸಿರು ನಿಂತು ಮೈ ನೀಲಿಗಟ್ಟಬಹುದು. ಹಾಗಾಗಿ ದೊಡ್ಡ ಮಗುವಿಗೆ 16ರಿಂದ 24 ತಿಂಗಳ ನಡುವಿನ ಡಿಪಿಟಿ ಬೂಸ್ಟರ್, 5ರಿಂದ 6 ವರ್ಷದ ಎರಡನೇ ಬೂಸ್ಟರ್ ಆಗಿದೆಯಾ ನೋಡಿಕೊಳ್ಳಿ. ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬಿಟ್ಟುಹೋಗೋದು ಸಾಮಾನ್ಯವಾಗಿ ಎರಡನೆಯದೇ. ಹೆರಿಗೆಗೆ ಮುಂಚೆಯೇ ಹಾಕಿಸಿದ್ದರೆ ಇನ್ನೂ ಒಳ್ಳೇದು.

ದೊಡ್ಡ ಮಗುವಿಗೆ "ಅಮ್ಮ" ಎದ್ದರೆ, ಅಂದರೆ ಸೀತಾಳೆ ಸಿಡುಬು ಬಂದರೆ, ಗುಳ್ಳೆ ಕಾಣಿಸುವ ಒಂದೆರಡು ದಿನ ಮೊದಲಿಂದಲೇ ಅದು ಹರಡುತ್ತೆ, ಎಲ್ಲಾ ಗುಳ್ಳೆ ಒಣಗಿ ಹಕ್ಕು ಕಟ್ಟುವವರೆಗೂ ಹರಡುತ್ತೆ. ಬಾಣಂತಿಗೆ ಹಿಂದೆ ಯಾವತ್ತೂ ಸೀತಾಳೆ ಆಗಿಲ್ಲ ಅಂದರೆ ಅವತ್ತೇ ವೈದ್ಯರಿಗೆ ತಿಳಿಸಿ, ಕಾಯಬೇಡಿ. ಅಂಗನವಾಡಿ ಮಕ್ಕಳಲ್ಲಿ ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ಕಾಯಿಲೆಯೂ ಉಂಟು. ಗುಳ್ಳೆ ಹೋದ ಮೇಲೂ ಮಲದಲ್ಲಿ ಆ ವೈರಸ್ ವಾರಗಟ್ಟಲೆ ಇರುತ್ತೆ. ಅದಕ್ಕೆ ಸ್ಯಾನಿಟೈಸರ್‌ಗಿಂತ ಸೋಪು, ನೀರೇ ವಾಸಿ.

ಬಾಟಲಿಯಲ್ಲಿ ಉಳಿದ ಸಿರಪ್ ಕೊಡಲೇಬೇಡಿ

ದೊಡ್ಡದಕ್ಕೆ ತಂದ ಕೆಮ್ಮಿನ ಸಿರಪ್ಪನ್ನು "ಎರಡೇ ಹನಿ" ಅಂತ ಕೂಸಿನ ಬಾಯಿಗೆ ಬಿಡೋದು ಅಪಾಯ. ಕೆಮ್ಮು, ನೆಗಡಿಯ ಔಷಧಿಗಳನ್ನು 2 ವರ್ಷದೊಳಗಿನ ಮಕ್ಕಳಿಗೆ ಬರೆಯಬಾರದು, ಕೊಡಬಾರದು ಅಂತ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಸೇರಿದ ಮಿಶ್ರಣವನ್ನು 4 ವರ್ಷದೊಳಗಿನವರಿಗೆ ಬಳಸಬಾರದೆಂದು ಲೇಬಲ್ ಮೇಲೆ ಮುದ್ರಿಸಬೇಕೆಂಬ ಆದೇಶ 2023ರ ಡಿಸೆಂಬರ್‌ನದ್ದು. ಮೆಡಿಕಲ್ ಸ್ಟೋರ್‌ನವರು "ಎಷ್ಟು ವಯಸ್ಸಿನ ಮಗುವಿಗೆ?" ಅಂತ ಒಂದು ಮಾತು ಕೇಳಿ ಕೊಟ್ಟರೆ ಉಪಕಾರ. ಜ್ವರದ ಹನಿಯನ್ನೂ ವೈದ್ಯರು ನೋಡದೆ ಹಾಕಬೇಡಿ. ಮೂಗಿಗೆ ಎಣ್ಣೆ, ಬಾಯಿಗೆ ಜೇನು, ಕೋಣೆ ತುಂಬ ಸಾಂಬ್ರಾಣಿ ಹೊಗೆ, ಮೂರೂ ಬೇಡ. ಹಿರಿಯರ ಜೊತೆ ಜಗಳ ಬೇಕಿಲ್ಲ, "ಡಾಕ್ಟರ್ ಬೇಡ ಅಂದಿದ್ದಾರೆ" ಅಂದರೆ ಸಾಕು. ಮೂಗು ಕಟ್ಟಿದರೆ ವೈದ್ಯರು ಹೇಳಿದ ಸಲೈನ್ ಹನಿ ಹಾಕಿ, ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕೊಡಿ.

ಯಾವಾಗ ಕಾಯಬಾರದು?

ಕೂಸು ಅಳದೆ ಸುಮ್ಮನಿರುವಾಗ ಬಟ್ಟೆ ಸರಿಸಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ಹೊರಡಿ. ಉಸಿರೆಳೆದಾಗ ಪಕ್ಕೆ ಒಳಗೆ ಗುಳಿ ಬೀಳೋದು, ನರಳೋದು, ಹಾಲು ಚೀಪದಿರೋದು, ಎಬ್ಬಿಸಿದರೂ ಸರಿಯಾಗಿ ಏಳದಿರೋದು, ಫಿಟ್ಸ್, ತುಟಿ ನೀಲಿಯಾಗೋದು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಮೈ ತಣ್ಣಗಾಗೋದು: ಇದರಲ್ಲಿ ಒಂದು ಕಂಡರೂ ಸಾಕು. ಹಸುಗೂಸಿಗೆ ಜ್ವರವೇ ಬರದೆಯೂ ಸೋಂಕು ಜೋರಾಗಿರಬಹುದು, "ಮೈ ಬಿಸಿ ಇಲ್ವಲ್ಲ" ಅಂತ ಕೂರಬೇಡಿ.

ಅರಸೀಕೆರೆಯಿಂದ ಹಾಸನದ ಹಿಮ್ಸ್‌ಗೆ ಸುಮಾರು 40 ಕಿ.ಮೀ. ದಾರಿ, ಹೋಬಳಿಗಳ ಹಳ್ಳಿಗಳಿಂದ ಇನ್ನೂ ಹೆಚ್ಚು. ರಾತ್ರಿ ಹತ್ತಕ್ಕೆ ಅನುಮಾನ ಬಂದರೆ ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಿ, ಮೊದಲು ತಾಲ್ಲೂಕು ಆಸ್ಪತ್ರೆಗೆ ಬನ್ನಿ. ದಾರಿಯಲ್ಲಿ ಕೂಸನ್ನು ತಾಯಿಯ ಎದೆಗೆ ಒತ್ತಿಕೊಂಡು ಬೆಚ್ಚಗಿಡಿ, ಮೂಗು, ಬಾಯಿ ಮುಚ್ಚದಂತೆ ನೋಡಿಕೊಳ್ಳಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಓಡಾಟದ ವಾಹನ ಉಚಿತ.

ಆಸ್ಪತ್ರೆ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ಕೂಸನ್ನು ನೋಡಬೇಕು. ಬಂದಾಗ ದೊಡ್ಡ ಮಗುವಿನ ಕೆಮ್ಮಿನ ವಿಷಯವನ್ನೂ ಹೇಳಿ, ಉಸಿರು ಎಣಿಸೋದನ್ನು ತೋರಿಸಿಕೊಡಿ ಅಂತ ಕೇಳಿ. ಬಾಣಂತನಕ್ಕೆ ತವರಿಗೆ ಹೋಗುವವರು ಆ ಊರಿನ ಆಶಾ ಅವರಿಗೆ ಮೊದಲೇ ತಿಳಿಸಬೇಕು, ಇಲ್ಲದಿದ್ದರೆ ಎರಡು ಊರಿನ ನಡುವೆ ಈ ಭೇಟಿಗಳು ತಪ್ಪಿಹೋಗುತ್ತವೆ.